ಕುಂಟು ಹಾಡಿಗೆ ಬಂದ ವಿಮರ್ಶೆ

ಮುಂಬಯಿಯ ಇಂಗ್ಲಿಷ್ ಮಾಸಪತ್ರಿಕೆಯೊಂದು ನನ್ನ ತಮ್ಮನ ಬ್ಯಾಂಡಿನ ಕ್ಯಾಸೆಟ್ ಬಗ್ಗೆ ಎರಡು ವಾಕ್ಯ ಬರೆಯಿತು. ಮಂಗಳೂರಿನ ನಾಲ್ವರು ತಮ್ಮ ಊರಿನ ಭಾಷೆಯಲ್ಲಿ ರಾಕ್ ಹಾಡುಗಳನ್ನು ಮಾಡಿದ್ದಾರೆ ಎಂಬ ಸುದ್ದಿ ಮೊದಲನೆಯದು. ಕೊನೆಯ ಹಾಡಿನಲ್ಲಿ ಇವರು ತಾಳವನ್ನೇ ಕಳೆದುಕೊಂಡಿದ್ದಾರೆ, ಹವ್ಯಾಸಿಗಳಲ್ಲಿ ಇದು ಸಹಜ ಎಂಬ ತೀರ್ಪು ಎರಡನೆಯದು.

ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾಗಿದ್ದವು. ನಾನು ಮಂಗಳೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಆ ಮಾಸಪತ್ರಿಕೆ ನಮ್ಮ ಕಚೇರಿಗೆ ಬರುತ್ತಿರಲಿಲ್ಲ. ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನ ಚಿಕ್ಕಪ್ಪ ಮುಂಬಯಿಯಿಂದ ಬರುವಾಗ ಒಂದು ಪ್ರತಿ ತಂದಿದ್ದರು. ಮೊದಲು ಅವರ ಮನೆಯವರೆಲ್ಲ ಓದಿದರು, ಆಮೇಲೆ ಅದು ತೊಕ್ಕೊಟ್ಟಿನ ನಮ್ಮ ಮನೆಗೆ ಬಂತು. ತಮ್ಮ ಪುಟ ಬಿಡಿಸಿ ನನ್ನ ಮುಂದಿಟ್ಟ. ನಾನು ಎರಡು ಸಲ ಓದಿದೆ.

"ಎರಡನೇದು ಸರಿಯಾ ಅಣ್ಣ?" ಎಂದು ಕೇಳಿದ. ನಮ್ಮ ಮನೆಮಾತು ತುಳು. ಮನೆಯ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಪತ್ರಿಕೆಯ ಕೆಲಸ ನನಗೆ ಕಲಿಸಿದ ಮೊದಲ ಪಾಠ. ತಮ್ಮನಿಗೆ ಆ ಪಾಠದಿಂದ ಏನೂ ಪ್ರಯೋಜನವಾಗಲಿಲ್ಲ. ಅವನು ಪುಟ ಮಡಚಿ ಒಳಗೆ ಹೋದ.

ಭೂಮಸೂದೆ ಬಂದು ಗದ್ದೆಗಳು ಗೇಣಿದಾರರಿಗೆ ಹೋದ ಮೇಲೆ, ಎಪ್ಪತ್ತರ ದಶಕದ ನಡುವಿನಲ್ಲಿ, ನಮ್ಮ ಸಂಸಾರ ಹಳ್ಳಿ ಬಿಟ್ಟು ತೊಕ್ಕೊಟ್ಟಿಗೆ ಬಂದಿತ್ತು. ಅಲ್ಲಿ ಮಾವ ಹೋಟೆಲು ಇಟ್ಟಿದ್ದರು. ನಾನು ಪತ್ರಿಕೆಗೆ ಸೇರಿದೆ. ತಮ್ಮ ಐಟಿಐ ಮುಗಿಸಿ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆದ. ತೊಕ್ಕೊಟ್ಟು ನಗರದ ದಕ್ಷಿಣಕ್ಕೆ, ಬೈಕಂಪಾಡಿ ಉತ್ತರಕ್ಕೆ. ದಿನಕ್ಕೆ ಎರಡು ಸಲ ಅವನು ನೇತ್ರಾವತಿಯ ಸೇತುವೆ ದಾಟಿ, ಇಡೀ ನಗರವನ್ನು ಹಾದು ಹೋಗಿ ಬರುತ್ತಿದ್ದ. ಹಾಡುಗಳನ್ನು ಬಸ್ಸಿನಲ್ಲೇ ಕಟ್ಟುತ್ತಿದ್ದ. ಬರೆದುಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಗಿಟಾರು ಎತ್ತಿಕೊಳ್ಳುತ್ತಿದ್ದ. ಊಟಕ್ಕೆ ಕರೆದು ಕರೆದು ಅಮ್ಮನಿಗೆ ಸಾಕಾಗುತ್ತಿತ್ತು.

ಗಿಟಾರು ಬಂದದ್ದು ಡ್ರಮ್ಸಿನವನ ನೆರೆಮನೆಯಿಂದ. ಅದು ಅಲ್ಲಿ ತಂತಿಯಿಲ್ಲದೆ ಗೋಡೆಗೆ ತೂಗುತ್ತಿತ್ತು. ಡ್ರಮ್ಸಿನವನದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಅವನ ತಂದೆ ಮದುವೆಗಳಿಗೆ ಹೋಗುವ ಬ್ಯಾಂಡ್‌ಸೆಟ್ಟಿನಲ್ಲಿ ದೊಡ್ಡ ಡೋಲು ಬಾರಿಸುವವರು. ಆ ಬ್ಯಾಂಡ್‌ಸೆಟ್ಟಿನಲ್ಲಿ ಅವರು ಹೆಜ್ಜೆ ತಪ್ಪಿದ್ದನ್ನು ಯಾರೂ ಕಂಡಿಲ್ಲ ಎಂಬ ಮಾತಿತ್ತು. ಹಾಡುತ್ತಿದ್ದವರು ಕೊಡಿಯಾಲ್‌ಬೈಲಿನ ಶಾಲೆಯೊಂದರ ಟೀಚರ್, ಅವರದೂ ಕೊಂಕಣಿ ಮನೆ. ನಾಲ್ಕನೆಯವನು ತಮ್ಮನ ವರ್ಕ್‌ಶಾಪಿನ ಜೊತೆಗಾರ, ಬೇಸ್ ಗಿಟಾರಿನವನು. ಮಾತು ಕಡಿಮೆ.

ಈಗಿನವರು ಕೇಳಿದರೆ ಅವರ ಸಂಗೀತವನ್ನು ಆಲ್ಟರ್ನೇಟಿವ್ ರಾಕ್ ಎಂದಾರು. ಆಗ ನಮ್ಮಲ್ಲಿ ಆ ಮಾತು ಇರಲಿಲ್ಲ. ಮಂಗಳೂರಿನಲ್ಲಿ ಗಿಟಾರು, ಡ್ರಮ್ಸ್ ಇಟ್ಟುಕೊಂಡ ತಂಡ ಎಂದರೆ ಮದುವೆಯ ತಂಡ. ಜನ ಕೇಳಿದ ಇಂಗ್ಲಿಷ್, ಹಿಂದಿ, ಕೊಂಕಣಿ ಹಾಡುಗಳನ್ನು ಜನ ಕೇಳಿದಂತೆಯೇ ಬಾರಿಸಬೇಕು, ಜೋಡಿಗಳು ಕುಣಿಯಬೇಕು. ಇವರೂ ಮದುವೆಗಳಿಗೆ ಹೋಗುತ್ತಿದ್ದರು. ಆದರೆ ಭಾನುವಾರ ಮಧ್ಯಾಹ್ನ ಟೀಚರ ಶಾಲೆಯ ಸಭಾಂಗಣದಲ್ಲಿ ಕೂತು ತಮ್ಮದೇ ಹಾಡುಗಳನ್ನು ಬಾರಿಸುತ್ತಿದ್ದರು. ಅವು ತುಳುವಿನಲ್ಲಿದ್ದವು. ರೇಷನ್ ಅಂಗಡಿಯ ಸಾಲು, ಮುಚ್ಚಿದ ಹೆಂಚಿನ ಕಾರ್ಖಾನೆಯ ಗೇಟು, ಬೈಕಂಪಾಡಿಯಲ್ಲಿ ಪಾಳಿ ಬದಲಾಗುವಾಗಿನ ಸೈರನ್, ಇಂಥವುಗಳ ಮೇಲೆ. ಕುಣಿಯಲಿಕ್ಕೆ ಮಾಡಿದ ಹಾಡುಗಳಲ್ಲ. ಅವುಗಳಲ್ಲಿ ಪ್ರೀತಿಯ ಹಾಡು ಒಂದೇ ಇತ್ತು, ಅದೂ ಕೊನೆಗೆ ಬಸ್ಸು ತಪ್ಪಿದ ಕತೆಯಾಗುತ್ತಿತ್ತು.

ಎಂಟು ಹಾಡುಗಳಾದಾಗ ಕ್ಯಾಸೆಟ್ ಮಾಡಿದರು. ಅದೇ ಸಭಾಂಗಣದ ಕಿಟಕಿಗಳಿಗೆ ಹಾಸಿಗೆ ನಿಲ್ಲಿಸಿ, ಎರವಲು ತಂದ ಸ್ಪೂಲ್ ಯಂತ್ರದಲ್ಲಿ ನಾಲ್ಕು ಭಾನುವಾರ ರೆಕಾರ್ಡಿಂಗ್ ನಡೆಯಿತು. ಹಾಸಿಗೆಗಳಿದ್ದರೂ ಮೂರನೆಯ ಹಾಡಿನಲ್ಲಿ ಬಸ್ಸಿನ ಹಾರ್ನ್ ಕೇಳಿಸುತ್ತದೆ. ನಗರದ ಒಂದು ಕ್ಯಾಸೆಟ್ ಅಂಗಡಿಯವರು ಪ್ರತಿಗಳನ್ನು ಮಾಡಿ ಮಾರಲು ಒಪ್ಪಿದರು. ಮೊದಲ ಕಂತಿನ ಪ್ರತಿಗಳು ಮಾರಿ ಮುಗಿದವು. ಎರಡನೆಯ ಕಂತಿಗೆ ಅಂಗಡಿಯವರು ತಯಾರಾದ ಹೊತ್ತಿಗೇ ಮುಂಬಯಿಯ ಆ ಎರಡು ವಾಕ್ಯ ಬಂದದ್ದು.

ಕೊನೆಯ ಹಾಡಿನ ಹೆಸರು 'ಸಂಕ'. ಸಂಕವೆಂದರೆ ತುಳುವಿನಲ್ಲಿ ಸೇತುವೆ. ಬೆಳಿಗ್ಗೆ ನಿಂತುಕೊಂಡು ನದಿ ದಾಟುವವನು ಸಂಜೆಯೂ ನಿಂತುಕೊಂಡೇ ದಾಟುತ್ತಾನೆ, ನಡುವೆ ಎಲ್ಲೋ ಕೂತಿದ್ದೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಇಷ್ಟೇ ಹಾಡು. ಬ್ಯಾಂಡಿನವರು ಅದನ್ನು 'ಕುಂಟು ಹಾಡು' ಎನ್ನುತ್ತಿದ್ದರು. ಉಳಿದ ಏಳರಲ್ಲಿ ಪೆಟ್ಟುಗಳು ನಾಲ್ಕು ನಾಲ್ಕಾಗಿ ಬರುತ್ತಿದ್ದವು. ಇದರಲ್ಲಿ ತಮ್ಮನ ಕೈ ಪ್ರತಿ ಸಲವೂ ಸ್ವಲ್ಪ ಮೊದಲೇ ಬಂದು ಬಿಡುತ್ತಿತ್ತು. ಡ್ರಮ್ಸಿನವನು ಅವನಿಗೆ ಎಷ್ಟೋ ಸಲ ಹೇಳಿದ್ದ, ಒಂದು ಪೆಟ್ಟು ತಡೆಯೋ ಎಂದು. ತಡೆದರೆ ಹಾಡು ಸಾಯುತ್ತದೆ ಎಂದು ತಮ್ಮ. ಒಪ್ಪಂದವಾಗದೆ ಅದನ್ನು ಎರಡನೆಯ ಬದಿಯ ತುದಿಗೆ ಹಾಕಿದ್ದರು, ಅಲ್ಲಿವರೆಗೆ ಯಾರೂ ಕೇಳಲಾರರು ಎಂಬ ನಂಬಿಕೆಯಲ್ಲಿ. ಮುಂಬಯಿಯವರು ಕೇಳಿದ್ದರು.

ಡ್ರಮ್ಸಿನವನಿಗೆ ಇದು ಮನೆಯ ಮರ್ಯಾದೆಯ ವಿಷಯವಾಯಿತು. ತಾಳ ತಪ್ಪಿದೆ ಎಂದರೆ ಓದಿದವರು ಬೆರಳು ತೋರಿಸುವುದು ಡ್ರಮ್ಸಿನ ಕಡೆಗೆ. ಬ್ಯಾಂಡ್‌ಸೆಟ್ಟಿನವರು ಅವನ ತಂದೆಯ ಎದುರೇ, ಮಗನ ತಾಳ ಮುಂಬಯಿಯಲ್ಲಿ ಕಳೆದುಹೋಗಿದೆಯಂತೆ, ಪೊಲೀಸ್ ಕಂಪ್ಲೇಂಟ್ ಕೊಟ್ಟಾಯ್ತಾ ಎಂದು ಕೇಳಿದರಂತೆ. ತಂದೆ ಏನೂ ಹೇಳಲಿಲ್ಲ. ಅದೇ ಮಗನಿಗೆ ಕಷ್ಟವಾದದ್ದು. ಅವನು ನಮ್ಮ ಮನೆಗೆ ಬಂದು, ನಿಂತುಕೊಂಡೇ, ಎರಡನೆಯ ಕಂತಿನಲ್ಲಿ ಆ ಹಾಡು ಇರಬಾರದು ಎಂದ. ಇದ್ದರೆ ತಾನು ಇರುವುದಿಲ್ಲ ಎಂದ. ಅವನು ಹೋದರೆ ಬ್ಯಾಂಡ್ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ವಾರ ತಮ್ಮ ಗಿಟಾರು ಮುಟ್ಟಲಿಲ್ಲ. ಶನಿವಾರ ನನ್ನ ಬಳಿ ಬಂದ. ಎಂಟರಲ್ಲಿ ತನಗೆ ಸರಿ ಎನಿಸಿದ್ದು ಅದೊಂದೇ ಹಾಡು, ಉಳಿದವು ಎಲ್ಲೋ ಕೇಳಿದ್ದರ ನೆರಳು ಎಂದ. ಅದೇ ತಪ್ಪಾದರೆ ತನ್ನ ಕಿವಿಯೇ ತಪ್ಪು.

"ಗೊತ್ತಿದ್ದವರು ಒಬ್ಬರು ನಿಮ್ಮ ಪೇಪರಿನಲ್ಲಿ ಬರೆಯಲಿ. ತಪ್ಪು ಅಂತ ಬರೆದರೆ ಹಾಡು ತೆಗೀತೇನೆ. ಮತ್ತೆ ಹಾಡು ಕಟ್ಟುವುದಿಲ್ಲ."

ಅವನು ಬೆದರಿಸುವವನಲ್ಲ. ಹೇಳಿದರೆ ಮಾಡುವವನು. ಹಾಗಾಗಿ ನಾನು ಮರುದಿನವೇ ನಮ್ಮ ಸುದ್ದಿ ಸಂಪಾದಕರ ಬಳಿ ಮಾತಾಡಿದೆ. ತಮ್ಮನ ಕ್ಯಾಸೆಟ್ ಒಂದು ಇದೆ, ವಿಮರ್ಶೆಗೆ ತೆಗೆದುಕೊಳ್ಳಬಹುದೇ, ನಾನು ಬರೆಯುವುದಿಲ್ಲ, ತಿದ್ದುವುದೂ ಇಲ್ಲ ಎಂದೆ. ನಮ್ಮ ಕಚೇರಿಯಲ್ಲಿ ಕೆಲಸಗಾರರ ನೆಂಟರ ಸುದ್ದಿಗೆ ಒಂದು ಕ್ರಮವಿತ್ತು. ನೆಂಟರ ಮದುವೆ ಬರುತ್ತಿರಲಿಲ್ಲ, ಸನ್ಮಾನ ಬರುತ್ತಿರಲಿಲ್ಲ, ಮರಣ ಮಾತ್ರ ನಾಲ್ಕು ಸಾಲಿನಲ್ಲಿ ಬರುತ್ತಿತ್ತು.

"ಹಾಡಲ್ವಾ? ಮಾಷ್ಟ್ರಿಗೆ ಕೊಡಿ" ಎಂದರು ಸುದ್ದಿ ಸಂಪಾದಕರು.

ಮಾಷ್ಟ್ರು ನಿವೃತ್ತ ಅಧ್ಯಾಪಕರು, ಯಕ್ಷಗಾನದ ವಿಮರ್ಶಕರು. ಬುಧವಾರ ಬುಧವಾರ ಕಚೇರಿಗೆ ಬಂದು ಬರಹ ಕೊಟ್ಟು, ಹಿಂದಿನ ವಾರದ ಬರಹದಲ್ಲಿ ನಾವು ಮಾಡಿದ ತಪ್ಪುಗಳನ್ನು ಹೇಳಿ ಹೋಗುವವರು. ಧ್ವನಿ ಬರುವಂಥದ್ದೆಲ್ಲ ಅವರ ಮೇಜಿಗೆ ಹೋಗಬೇಕು ಎಂಬುದು ನಮ್ಮ ಕಚೇರಿಯ ರೂಢಿ. ಹರಿಕಥೆ, ಭಜನೆ, ಕರ್ನಾಟಕ ಸಂಗೀತದ ಕಚೇರಿ, ಕ್ರಿಸ್ಮಸ್ ಹಾಡಿನ ಸ್ಪರ್ಧೆ, ಎಲ್ಲವೂ. ಒಮ್ಮೆ ಸ್ವಾತಂತ್ರ್ಯೋತ್ಸವದ ಪೊಲೀಸ್ ಬ್ಯಾಂಡಿನ ಬಗ್ಗೆಯೂ ಅವರಿಂದಲೇ ಬರೆಸಿದ್ದರು. ಆದರೂ ರಾಕ್ ಕ್ಯಾಸೆಟ್ಟನ್ನು ಯಕ್ಷಗಾನದವರಿಗೆ ಕೊಡುವುದೆಂದರೆ, ಕೇಳಿದ ಕೂಡಲೇ ನನಗೆ ಮನಸ್ಸಿನಲ್ಲಿ ಸೋತಂತಾಯಿತು. ಎದುರು ಹೇಳಲಿಲ್ಲ. ತಮ್ಮನಿಗೂ ಯಾರು ಬರೆಯುತ್ತಾರೆಂದು ಹೇಳಲಿಲ್ಲ.

ಬುಧವಾರ ಮಾಷ್ಟ್ರು ಬಂದಾಗ ಕ್ಯಾಸೆಟ್ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ತಾವು ಈವರೆಗೆ ಎದುರು ಕೂತು ಕೇಳದ್ದನ್ನು ಬರೆದಿಲ್ಲ ಎಂದರು. ಯಕ್ಷಗಾನದ ಆಟವಾದರೆ ಬೆಳಗಿನ ಮಂಗಳದವರೆಗೆ ಕೂತಿರುತ್ತೇನೆ, ನಡುವೆ ಎದ್ದು ಬಂದದ್ದರ ಬಗ್ಗೆ ಬರೆಯುವುದಿಲ್ಲ. ಇದನ್ನೂ ಹಾಗೆಯೇ, ಪೂರ್ತಿ, ಮೂರು ಸಲ ಕೇಳುತ್ತೇನೆ, ವಾರಕ್ಕೊಂದು ಸಲ, ಅವಸರ ಮಾಡಬಾರದು ಎಂದರು. ಅವರ ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಕಚೇರಿಯದನ್ನು ಹಳೆಯ ಪತ್ರಿಕೆಗಳ ಕಡತದ ಕೋಣೆಯಲ್ಲಿ ಇಟ್ಟುಕೊಟ್ಟೆವು.

"ಇದು ನಿಮ್ಮ ತಮ್ಮನದ್ದಂತೆ, ಹೌದಾ?" ಎಂದು ನನ್ನನ್ನು ಕೇಳಿದರು.

ಹೌದು ಎಂದೆ.

"ಹಾಗಾದ್ರೆ ನೀವು ಹೊರಗೆ ಹೋಗಿ."

ಹೋದೆ. ಬಾಗಿಲು ಹಾಕಿದರೂ ಗಿಟಾರಿನ ಸದ್ದು ಅಚ್ಚುಮೊಳೆಯ ವಿಭಾಗದವರೆಗೆ ಹೋಗುತ್ತಿತ್ತು. ಮೊಳೆ ಜೋಡಿಸುವವರಲ್ಲಿ ಒಬ್ಬರು ಕೆಲಸ ಬಿಟ್ಟು ಬಂದು ಬಾಗಿಲು ತೆರೆದು, "ಮಾಷ್ಟ್ರೇ, ವೇಷ ಯಾವಾಗ ಬರ್ತದೆ?" ಎಂದು ಕೇಳಿದರು. ಇನ್ನೂ ಪೀಠಿಕೆ, ಸ್ವಲ್ಪ ತಾಳ್ಮೆ ಉಂಟಾ ನಿಮಗೆ ಎಂದು ಮಾಷ್ಟ್ರು ಒಳಗಿನಿಂದಲೇ ಉತ್ತರಿಸಿದರು. ಅವರ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಬಾಗಿಲು ಅರೆ ತೆರೆದಿದ್ದಾಗ ನನಗೆ ಕಂಡದ್ದು, ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಮಡಚುತ್ತಾ ಕೂತಿದ್ದರು. ಮುಂದೆ ಬಿಳಿ ಕಾಗದ ಖಾಲಿಯಿತ್ತು.

ಮಾಷ್ಟ್ರ ಮೂರು ಬುಧವಾರಗಳು ಮುಗಿಯುವ ಮೊದಲು ಇನ್ನೊಂದು ವಿಮರ್ಶೆ ಬಂತು, ಕೊಂಕಣಿಯ ಒಂದು ವಾರಪತ್ರಿಕೆಯಲ್ಲಿ. ಹಾಡಿದವರ ಕಂಠ ದೇವರು ಕೊಟ್ಟದ್ದು, ಅದನ್ನು ರೇಷನ್ ಸಾಲಿಗೆ ಖರ್ಚು ಮಾಡುವುದೇಕೆ ಎಂದು ಅದರಲ್ಲಿ ಕೇಳಿದ್ದರು. ಟೀಚರಿಗೆ ಅದರಿಂದ ಬೇಸರವಾಗಲಿಲ್ಲ. ಬರೆದವರು ಎಂದೂ ರೇಷನ್ ಸಾಲಿನಲ್ಲಿ ನಿಂತಿರಲಿಕ್ಕಿಲ್ಲ, ಅಲ್ಲಿ ನಿಂತರೆ ದೇವರ ನೆನಪು ತಾನಾಗಿ ಬರುತ್ತದೆ ಎಂದರು. ಆದರೆ ಕುಂಟು ಹಾಡಿನ ಬಗ್ಗೆ ಆ ವಾರಪತ್ರಿಕೆಯಲ್ಲಿ ಒಂದು ಮಾತೂ ಇರಲಿಲ್ಲ. ತಮ್ಮ ಕಾಯುತ್ತಿದ್ದದ್ದು ಆ ಮಾತಿಗೆ. ಎರಡನೆಯ ಕಂತನ್ನು ತಡೆಯುವಂತೆ ಕ್ಯಾಸೆಟ್ ಅಂಗಡಿಯವರಿಗೆ ಹೇಳಿ ಬಂದಿದ್ದ. ಪ್ರತಿ ಬುಧವಾರ ಸಂಜೆ ನಾನು ಮನೆಗೆ ಬಂದಾಗ ಮುಖ ನೋಡುತ್ತಿದ್ದ. ಮಾಷ್ಟ್ರ ಬರಹವನ್ನು ಸುದ್ದಿ ಸಂಪಾದಕರು ತಾವೇ ತಿದ್ದಿ, ಪ್ರೂಫ್ ಕೂಡ ತಾವೇ ನೋಡಿ ಕಳಿಸಿದ್ದರು. ಭಾನುವಾರದ ಪುಟದಲ್ಲಿ ಇದೆ ಎಂಬುದಷ್ಟೇ ನನಗೆ ತಿಳಿದದ್ದು.

ಆ ಭಾನುವಾರ ಬೆಳಿಗ್ಗೆ ತೊಕ್ಕೊಟ್ಟಿನ ಜಂಕ್ಷನ್ನಿಗೆ ಹೋದಾಗ ತಮ್ಮ ಆಗಲೇ ಪೇಪರಿನ ಅಂಗಡಿಯ ಕಟ್ಟೆಯ ಮೇಲೆ ಪತ್ರಿಕೆ ಹರಡಿಕೊಂಡು ಓದುತ್ತಿದ್ದ. ಸುತ್ತ ಮೀನಿನ ಬುಟ್ಟಿ, ಬಸ್ಸಿನ ಗಲಾಟೆ. ನನ್ನನ್ನು ಕಂಡರೂ ತಲೆ ಎತ್ತಲಿಲ್ಲ. ನಾನು ಇನ್ನೊಂದು ಪ್ರತಿ ಕೊಂಡು ಓದಿದೆ.

ಒಂದು ಕಾಲಮ್ ಪೂರ್ತಿ ಇತ್ತು. ನಮ್ಮ ಪತ್ರಿಕೆಯಲ್ಲಿ ಮೇಳದ ಹೊಸ ಪ್ರಸಂಗಕ್ಕೆ ಕೊಡುವಷ್ಟೇ ಜಾಗ. ಮಾಷ್ಟ್ರು ತಮಗೆ ಗೊತ್ತಿದ್ದ ಮಾತುಗಳಲ್ಲೇ ಬರೆದಿದ್ದರು. ಗಿಟಾರಿನ ಸದ್ದು ಎರಡು ಹಾಡುಗಳಲ್ಲಿ ಪದಗಳನ್ನು ನುಂಗಿದೆ, ಭಾಗವತರ ಪದ ಕೇಳದ ಹಾಗೆ ಚೆಂಡೆ ಬಾರಿಸುವುದು ನಮ್ಮ ಮೇಳಗಳಲ್ಲಿಯೂ ಉಂಟು, ಎರಡೂ ಕಡೆ ಅದು ತಪ್ಪೇ ಎಂದಿದ್ದರು. ನಾಲ್ಕನೆಯ ಹಾಡಿನ ಧಾಟಿ ಬೇರೆಲ್ಲಿಂದಲೋ ಬಂದಿದೆ ಎಂದಿದ್ದರು. ಎಲ್ಲಿಂದ ಎಂದು ತಮಗೆ ತಿಳಿಯದಿದ್ದರೂ, ಇವರ ಮನೆಯದಲ್ಲ ಎಂಬುದು ತಿಳಿಯುತ್ತದೆ. ಹಾಡಿದವರ ಶ್ರುತಿ ಶುದ್ಧ. ತುಳು ಅವರ ಮನೆಮಾತಲ್ಲವಂತೆ, ಕೇಳಿದರೆ ಗೊತ್ತಾಗುವುದಿಲ್ಲ.

ಅರ್ಧ ಕಾಲಮ್ ಕೊನೆಯ ಹಾಡಿಗೇ ಇತ್ತು. ಅದು ಏಳು ಪೆಟ್ಟಿನ ಹಾಡು ಎಂದು ಮಾಷ್ಟ್ರು ಬರೆದಿದ್ದರು. ಯಕ್ಷಗಾನದಲ್ಲಿ ಅದಕ್ಕೆ ತ್ರಿವುಡೆ ತಾಳ ಎಂದು ಹೆಸರು, ಮೂರು, ಎರಡು, ಎರಡು. ಕರಾವಳಿಯ ಗದ್ದೆಗಳಲ್ಲಿ ಆಟ ನೋಡಿ ಬೆಳೆದ ಕಿವಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕ್ಯಾಸೆಟ್ಟಿನಲ್ಲಿ ಹೊರಗಿನಿಂದ ಏನನ್ನೂ ಪಡೆಯದ ಹಾಡು ಇದೊಂದೇ. ಹಾಗೆಂದು ತಪ್ಪಿಲ್ಲವೆಂದಲ್ಲ. ಎರಡು ಕಡೆ ಡ್ರಮ್ಸಿನವರು ಏಳನ್ನು ಎಂಟು ಮಾಡಿಕೊಂಡಿದ್ದಾರೆ. ಆ ತಪ್ಪು ಹಾಡಿನದಲ್ಲ, ಹಾಡನ್ನು ನಂಬದ ಕೈಯದು. ಅದನ್ನು ಸರಿಪಡಿಸಿ, ಈ ಹಾಡನ್ನು ಕೊನೆಯಿಂದ ಮೊದಲಿಗೆ ತರಬೇಕು.

ವಿಮರ್ಶೆಯ ಅಡಿಯಲ್ಲಿ ಸುದ್ದಿ ಸಂಪಾದಕರು ದಪ್ಪ ಅಕ್ಷರದಲ್ಲಿ ಒಂದು ಸಾಲು ಹಾಕಿಸಿದ್ದರು. ಈ ತಂಡದ ಸದಸ್ಯರೊಬ್ಬರು ನಮ್ಮ ಉಪಸಂಪಾದಕರೊಬ್ಬರ ತಮ್ಮನೆಂಬುದನ್ನು ಓದುಗರ ಗಮನಕ್ಕೆ ತರಲಾಗಿದೆ. ವರ್ಷಗಳ ಮೇಲೆ ಆ ಪುಟ ತೆಗೆದು ನೋಡಿದಾಗಲೂ ಮೊದಲು ಕಣ್ಣಿಗೆ ಬೀಳುವುದು ಆ ಸಾಲೇ. ಆಗ ಸ್ವಲ್ಪ ಮುಜುಗರವಾಗಿತ್ತು. ಈಗ ಆ ಸಾಲಿರುವುದರಿಂದಲೇ ಉಳಿದದ್ದನ್ನು ನಂಬಬಹುದು ಎನಿಸುತ್ತದೆ.

ತಮ್ಮ ಓದಿ ಮುಗಿಸಿದ. ಮೂರು, ಎರಡು, ಎರಡು ಎಂದು ಬೆರಳಿನಲ್ಲಿ ಕಟ್ಟೆಯ ಮೇಲೆ ಬಡಿದು ನೋಡಿದ. ಇನ್ನೊಮ್ಮೆ ಬಡಿದ.

"ನಾನು ಎಣಿಸಿದ್ದಲ್ಲ ಅಣ್ಣ. ಸಂಕದ ಮೇಲೆ ಬಸ್ಸು ಹೋಗುವಾಗ ನನಗೆ ಹಾಗೇ ಕೇಳುವುದು."

ಮನೆಗೆ ಬಂದು ಕಾಪಿ ಕುಡಿಯುವಷ್ಟರಲ್ಲಿ ಡ್ರಮ್ಸಿನವನು ಬಂದ. ಚರ್ಚಿನಿಂದ ನೇರ ಬಂದಿದ್ದ, ಇಸ್ತ್ರಿಯ ಅಂಗಿ, ಕೈಯಲ್ಲಿ ಸುರುಳಿ ಮಾಡಿದ ಪತ್ರಿಕೆ. ಮುಂಬಯಿಯವರು ಎಲ್ಲರಿಗೂ ಸೇರಿಸಿ ಹೇಳಿದ್ದರು, ನಿಮ್ಮ ಪೇಪರಿನವರು ನನ್ನೊಬ್ಬನಿಗೇ ಹೇಳಿದ್ದಾರೆ ಎಂದು ನನ್ನ ಮೇಲೆ ಸಿಟ್ಟಾದ. ಆಟದ ಮಾಷ್ಟ್ರಿಗೆ ಡ್ರಮ್ಸ್ ಏನು ಗೊತ್ತು ಎಂದ. ತಾನು ಚಿಕ್ಕಂದಿನಿಂದ ತಂದೆಯ ಡೋಲಿನ ಹಿಂದೆ ನಡೆದವನು, ಏಳಕ್ಕೆ ಹೆಜ್ಜೆ ಹಾಕುವ ಬ್ಯಾಂಡು ಲೋಕದಲ್ಲೇ ಇಲ್ಲ, ಹಾಕಿದರೆ ಮದುಮಗ ಚರಂಡಿಗೆ ಬೀಳುತ್ತಾನೆ ಎಂದ. ಅಮ್ಮ ಒಳಗಿನಿಂದ ಕಾಪಿ ತಂದುಕೊಟ್ಟರು. ಕಾಪಿಯನ್ನು ನಿಂತೇ ಕುಡಿದ. ಆಮೇಲೆ ಕೂತ.

ತಮ್ಮ ವಾದ ಮಾಡಲಿಲ್ಲ. ಟೇಪ್‌ರೆಕಾರ್ಡರ್ ತಂದು ಮೇಜಿನ ಮೇಲಿಟ್ಟು, ಎಣಿಸಿ ನೋಡುವ ಎಂದ. ಯಾರು ಎಣಿಸುವುದು ಎಂಬ ಪ್ರಶ್ನೆ ಬಂತು. ತಮ್ಮ ಎಣಿಸಿದರೆ ಡ್ರಮ್ಸಿನವನು ಒಪ್ಪುವುದಿಲ್ಲ, ಡ್ರಮ್ಸಿನವನು ಎಣಿಸಿದರೆ ಎಂಟೇ ಬರುತ್ತದೆ.

"ನೀವು ಎಣಿಸಿ ಅಣ್ಣ" ಎಂದು ಡ್ರಮ್ಸಿನವನು ನನಗೆ ಹೇಳಿದ. "ನಿಮಗೆ ಸಂಗೀತ ಗೊತ್ತಿಲ್ಲ. ನಿಮಗೆ ಬೇಕಾದ ಹಾಗೆ ಕೇಳುವುದಿಲ್ಲ."

ನಾನು ಪೆನ್ಸಿಲು, ಕಾಗದ ತೆಗೆದುಕೊಂಡೆ. ಗಿಟಾರಿನ ದಪ್ಪ ತಂತಿ ಬಿದ್ದಲ್ಲಿ ಉದ್ದ ಗೆರೆ, ನಡುವಿನ ಪ್ರತಿ ಪೆಟ್ಟಿಗೂ ಗಿಡ್ಡ ಗೆರೆ. ಚುನಾವಣೆಯ ಎಣಿಕೆ ಬರೆದುಕೊಂಡ ಅಭ್ಯಾಸ ಇತ್ತು. ಮೊದಲ ಸಲ ಕೈ ಹಿಂದೆ ಬಿತ್ತು, ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆವು. ಎರಡನೆಯ ಸಲ ಪೂರ್ತಿ ಬರೆದೆ. ಮೂರನೆಯ ಸಲ ಬರೆದದ್ದನ್ನು ಪರಿಶೀಲಿಸಿದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪರೀಕ್ಷೆ ನಡೆಯುತ್ತಿದೆಯೇನೋ ಎಂಬಂತೆ ನೋಡುತ್ತಿದ್ದರು.

ಕಾಗದವನ್ನು ಇಬ್ಬರ ನಡುವೆ ಇಟ್ಟೆ. ಒಂದು ಉದ್ದ ಗೆರೆ, ಆರು ಗಿಡ್ಡ. ಒಂದು ಉದ್ದ, ಆರು ಗಿಡ್ಡ. ಉದ್ದಕ್ಕೂ ಹಾಗೆಯೇ ಇತ್ತು. ಎರಡನೆಯ ಚರಣದ ಕೊನೆಗೆ ಒಂದು ಕಡೆ ಮತ್ತು ಹಾಡು ಮುಗಿಯುವ ಮೊದಲು ಇನ್ನೊಂದು ಕಡೆ ಗಿಡ್ಡ ಗೆರೆ ಏಳಿತ್ತು. ಆ ಎರಡಕ್ಕೂ ನಾನು ಸುತ್ತು ಹಾಕಿರಲಿಲ್ಲ. ಡ್ರಮ್ಸಿನವನೇ ಬೆರಳಿನಿಂದ ಹುಡುಕಿ, ಆ ಎರಡು ಕಡೆ ಬೆರಳಿಟ್ಟ.

ಆಮೇಲೆ ತಮ್ಮನ ಕಡೆ ತಿರುಗಿದ.

"ನಾನು ನಿನ್ನನ್ನು ಸರಿ ಮಾಡ್ತಾ ಇದ್ದೆ ಮಾರಾಯ" ಎಂದ.

"ಗೊತ್ತು" ಎಂದ ತಮ್ಮ.

"ಎಷ್ಟು ಕಷ್ಟ ಗೊತ್ತುಂಟಾ ಅದು? ಬೆನ್ನು ನೋವು ಬರ್ತಿತ್ತು ನನಗೆ."

ಅಮ್ಮ ನಕ್ಕರು. ಮೊದಲು ನಕ್ಕದ್ದು ಅವರೇ. ಡ್ರಮ್ಸಿನವನು ಊಟಕ್ಕೆ ನಿಂತ.

ಮುಂದಿನ ಬುಧವಾರ ಅವನು ಕೆಲಸಕ್ಕೆ ರಜೆ ಹಾಕಿ ನಮ್ಮ ಕಚೇರಿಗೆ ಬಂದ. ಮಾಷ್ಟ್ರ ಎದುರು ನಿಂತು, ನಾನೇ ಆ ಎಂಟಿನವನು ಎಂದು ಪರಿಚಯ ಹೇಳಿಕೊಂಡ. ಮಾಷ್ಟ್ರು ಕುರ್ಚಿ ತೋರಿಸಿದರು. ಮೇಜಿನ ಅಂಚಿನಲ್ಲಿ ಕೈಯಿಟ್ಟು, ತಕಿಟ ತಕ ಧಿಮಿ ಎಂದು ಬಾಯಲ್ಲಿ ಹೇಳುತ್ತಾ ನಿಧಾನವಾಗಿ ಬಡಿದು ತೋರಿಸಿದರು. ಡ್ರಮ್ಸಿನವನು ಎರಡು ಪೆನ್ನುಗಳಿಂದ ಬಡಿದ. ಎಂಟನೆಯದಕ್ಕೆ ಕೈ ತಾನಾಗಿ ಹೋಗುತ್ತಿತ್ತು. ಎಣಿಸಬೇಡಿ, ಮೂರು ಹೆಜ್ಜೆ ನಡೆದು ಎರಡೆರಡು ಸಲ ತಿರುಗುವುದು ಎಂದುಕೊಳ್ಳಿ ಎಂದರು ಮಾಷ್ಟ್ರು. ಆಮೇಲೆ ಅವನ ಕೈ ಎಂಟನೆಯದಕ್ಕೆ ಹೋಗಲಿಲ್ಲ. ಅರ್ಧ ಗಂಟೆ ನಮ್ಮ ಸಂಪಾದಕೀಯ ಕೋಣೆಯಲ್ಲಿ ಯಾರಿಗೂ ಕೆಲಸ ಮಾಡಲಾಗಲಿಲ್ಲ. ಸುದ್ದಿ ಸಂಪಾದಕರು ಎದ್ದು ಬಂದು ನೋಡಿ, ತಮ್ಮ ಕೋಣೆಗೆ ಹೋದರು.

ಹೊರಡುವಾಗ ಡ್ರಮ್ಸಿನವನು ಒಂದು ಕೇಳಿಕೊಂಡ. "ಮಾಷ್ಟ್ರೇ, ನನ್ನ ತಂದೆಗೆ ನೀವೊಮ್ಮೆ ಹೇಳಬಹುದಾ, ತಾಳ ತಪ್ಪಿಲ್ಲ ಅಂತ?"

"ಎರಡು ಕಡೆ ತಪ್ಪಿದೆಯಲ್ಲ" ಎಂದರು ಮಾಷ್ಟ್ರು. "ಅದನ್ನು ಸರಿ ಮಾಡಿ. ಆಮೇಲೆ ನಾನು ಹೇಳುವುದು ಎಂತ ಉಂಟು, ಅವರೇ ಕೇಳ್ತಾರೆ."

ಮತ್ತೊಂದು ಭಾನುವಾರ ಕಿಟಕಿಗೆ ಹಾಸಿಗೆ ನಿಲ್ಲಿಸಿ ಆ ಹಾಡೊಂದನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಎರಡನೆಯ ಕಂತಿನಲ್ಲಿ 'ಸಂಕ' ಮೊದಲ ಬದಿಯ ಮೊದಲ ಹಾಡು. ತಮ್ಮನ ಒತ್ತಾಯಕ್ಕೆ ನಾನು ಮುಂಬಯಿಯ ಮಾಸಪತ್ರಿಕೆಗೆ ಮೂರು ವಾಕ್ಯದ ಪತ್ರವೊಂದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ, ಹೊಸ ಪ್ರತಿಯನ್ನೂ ಇಟ್ಟು ಕಳಿಸಿದೆವು. ಅವರು ಪ್ರಕಟಿಸಲಿಲ್ಲ. ಅದರಿಂದ ಯಾರಿಗೂ ವಿಶೇಷ ಬೇಸರವಾದ ಹಾಗೆ ಕಾಣಲಿಲ್ಲ. ಮಾಷ್ಟ್ರ ಕಾಲಮ್ಮಿನ ಕತ್ತರಿಸಿದ ತುಂಡು ಕ್ಯಾಸೆಟ್ ಅಂಗಡಿಯ ಗಾಜಿಗೆ ಅಂಟಿತ್ತು, ಅಡಿಯ ದಪ್ಪ ಸಾಲಿನ ಸಮೇತ. ಕಾಲೇಜಿನ ಹುಡುಗರು ನಿಂತು ಓದಿ, ಬೆರಳು ಮಡಚಿ ಎಣಿಸುವುದನ್ನು ನಾನೇ ಕಂಡಿದ್ದೇನೆ. ಆ ದಾರಿಯಾಗಿ ನಡೆಯಬೇಕಾದ ಕಾರಣವಿಲ್ಲದ ದಿನವೂ ನಾನು ಆ ದಾರಿಯಾಗಿ ನಡೆದದ್ದುಂಟು.

ಡ್ರಮ್ಸಿನವನ ತಂದೆ ಮಾತ್ರ ಏನೂ ಹೇಳಿರಲಿಲ್ಲ. ಹೊಸ ಕ್ಯಾಸೆಟ್ಟನ್ನು ಮಗ ಮನೆಯಲ್ಲಿ ಹಾಕಿದಾಗ ಕೇಳಿದರಂತೆ, ಎದ್ದು ಅಂಗಳಕ್ಕೆ ಹೋದರಂತೆ.

ಆ ವರ್ಷ ಮಳೆಗಾಲಕ್ಕೆ ಮೊದಲು ಅವರ ಕುಟುಂಬದ ಒಂದು ಮದುವೆ ತೊಕ್ಕೊಟ್ಟಿನ ಸಭಾಭವನದಲ್ಲಿ ಆಯಿತು. ಚರ್ಚಿನಿಂದ ಸಭಾಭವನದವರೆಗೆ ತಂದೆಯ ಬ್ಯಾಂಡ್‌ಸೆಟ್, ಒಳಗೆ ವೇದಿಕೆಯಲ್ಲಿ ಮಗನ ಬ್ಯಾಂಡು. ನಮ್ಮ ಮನೆಯವರಿಗೂ ಕರೆ ಇತ್ತು. ಸಂಜೆಯ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಕೇಕ್ ಕತ್ತರಿಸಿ, ವೈನ್ ಎತ್ತಿ, ಜೋಡಿಗಳು ಕುಣಿಯಲು ಇಳಿದಿದ್ದರು. ಎಂದಿನ ಹಾಡುಗಳು ನಡೆಯುತ್ತಿದ್ದವು. ನಡುವೆ ಮದುಮಗಳು ಟೀಚರ ಬಳಿ ಬಂದು ಕಿವಿಯಲ್ಲಿ ಏನೋ ಹೇಳಿದಳು. ಟೀಚರು ತಮ್ಮನ ಕಡೆ ನೋಡಿದರು. ಬೇಡ, 'ಸಂಕ' ಬೇಡ ಎಂದು ತಮ್ಮ ತಲೆಯಾಡಿಸಿದ. ಮದುಮಗಳು ಅಲ್ಲೇ ನಿಂತಳು. ಮದುವೆಯಲ್ಲಿ ಮದುಮಗಳ ಮಾತು ಮೀರುವಂತಿಲ್ಲ.

ಹಾಡು ಶುರುವಾದಾಗ ಕುಣಿಯುತ್ತಿದ್ದವರು ಎರಡು ಸುತ್ತು ಪ್ರಯತ್ನಿಸಿ ನಿಂತುಬಿಟ್ಟರು. ಕಾಲು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬರು ಇನ್ನೊಬ್ಬರ ಪಾದ ತುಳಿದು ಕ್ಷಮೆ ಕೇಳಿದರು. ಹಿಂದಿನ ಕುರ್ಚಿಗಳಲ್ಲಿ ನಗು ಎದ್ದಿತು. ತಮ್ಮ ಗಿಟಾರಿನಿಂದ ಕಣ್ಣೆತ್ತಲಿಲ್ಲ. ಡ್ರಮ್ಸಿನವನ ಮುಖ ಗಟ್ಟಿಯಾಗಿತ್ತು, ಕೈ ಮಾತ್ರ ಸರಾಗ ಹೋಗುತ್ತಿತ್ತು. ಟೀಚರು ಕಣ್ಣು ಮುಚ್ಚಿ ಹಾಡಿದರು.

ಆಗ ಬಾಗಿಲ ಬಳಿಯಿಂದ ದೊಡ್ಡ ಡೋಲಿನ ಒಂದು ಪೆಟ್ಟು ಬಂತು. ಡ್ರಮ್ಸಿನವನ ತಂದೆ ಬ್ಯಾಂಡ್‌ಸೆಟ್ಟಿನ ಸಮವಸ್ತ್ರದಲ್ಲೇ ಇದ್ದರು, ಡೋಲು ಇನ್ನೂ ಕುತ್ತಿಗೆಯಲ್ಲಿತ್ತು. ಅವರು ಪ್ರತಿ ಏಳರ ಮೊದಲ ಪೆಟ್ಟನ್ನು ಮಾತ್ರ ಬಾರಿಸುತ್ತಿದ್ದರು, ಉಳಿದ ಆರನ್ನು ಮಗನಿಗೆ ಬಿಟ್ಟು. ಹಾಗೆ ಬಾರಿಸುತ್ತಾ ಸಭೆಯ ನಡುವಿಗೆ ನಡೆದು ಬಂದರು. ಹಾಡು ಎಲ್ಲಿ ಶುರುವಾಗಿ ಎಲ್ಲಿ ತಿರುಗುತ್ತದೆ ಎಂದು ಜನರಿಗೆ ಈಗ ಗೊತ್ತಾಯಿತು. ಮದುಮಗಳು ಮೊದಲು ಹೆಜ್ಜೆ ಹಾಕಿದಳು. ಮದುಮಗ ಹೆದರುತ್ತಲೇ ಜೊತೆ ಕೊಟ್ಟ. ಆಮೇಲೆ ಇಬ್ಬರು, ಆಮೇಲೆ ಹತ್ತು ಜನ, ಆಮೇಲೆ ಹಿಂದಿನ ಕುರ್ಚಿಯವರೂ. ಜೋಡಿಗಳಾಗಿ ಅಲ್ಲ, ಒಬ್ಬರ ಹೆಗಲಿಗೆ ಒಬ್ಬರು ಕೈಯಿಟ್ಟು ಸುತ್ತಾಗಿ ನಡೆದರು. ನನ್ನ ಪಕ್ಕ ಕೂತಿದ್ದ ಅಮ್ಮನ ಕಾಲ್ಬೆರಳು ಕೂಡ ಚಪ್ಪಲಿಯೊಳಗೆ ಆಡುತ್ತಿತ್ತು.

ಹಾಡು ಮುಗಿದಾಗ ಚಪ್ಪಾಳೆ ತಕ್ಷಣ ಬರಲಿಲ್ಲ, ಎಲ್ಲರೂ ಉಸಿರು ತೆಗೆದುಕೊಳ್ಳುತ್ತಿದ್ದರು. ಬಂದ ಮೇಲೆ ನಿಲ್ಲಲಿಲ್ಲ. ಮದುಮಗನ ಕಡೆಯವರು ಯಾರೋ ಅದನ್ನೇ ಇನ್ನೊಮ್ಮೆ ಬಾರಿಸಿ ಎಂದರು. ತಮ್ಮ ಡ್ರಮ್ಸಿನವನ ಕಡೆ ನೋಡಿದ. ಡ್ರಮ್ಸಿನವನು ತಂದೆಯ ಕಡೆ ನೋಡಿದ. ತಂದೆ ಆಗಲೇ ಕೋಲು ಎತ್ತಿದ್ದರು.